ಸಾಕಿದವರ ಋಣ

ಬಳ್ಳಾರಿಯ ಸೀಮೆಗೆ ಬೇಸಗೆಯೊಂದೇ ಋತುವೆಂದು ಪರಸ್ಥಳದವರು ಪರಿಹಾಸ್ಯ ಮಾಡುವುದುಂಟು. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಕುರುಗೋಡಿನಲ್ಲಿ ನಾಲ್ಕು ದಿನ ನಿಂತವರು ಆ ಮಾತನ್ನು ಆಡಲಾರರು. ಹಗಲೆಲ್ಲ ಬಿಸಿಲು ಕುಡಿದ ಗುಡ್ಡದ ಬಂಡೆಗಳು ಇರುಳಿನ ಮೊದಲ ಜಾವ ಕಳೆಯುವಷ್ಟರಲ್ಲಿ ತಣ್ಣಗಾಗುವುವು. ಬೆಳಗಿನ ಜಾವದಲ್ಲಿ ಹೊದಿಕೆಯನ್ನು ಬಿಟ್ಟು ಏಳುವುದು ಮುದುಕರಿಗೆ ಒಂದು ಸಾಹಸವೇ ಸರಿ. ಎರೆಯ ಹೊಲದಲ್ಲಿ ಹಿಂಗಾರಿ ಜೋಳವೂ ಕಡಲೆಯೂ, ಕಾಲುವೆಯ ನೀರುಂಡ ಹೊಲದಲ್ಲಿ ಕೆಂಪೇರಿದ ಮೆಣಸಿನಕಾಯಿಯೂ ಕಣ್ಣಿಗೆ ಹಬ್ಬವನ್ನುಂಟುಮಾಡುವ ಕಾಲವದು. ದೊಡ್ಡ ಬಸವೇಶ್ವರನ ಗುಡಿಗೆ ಹೋಗುವ ಹಾದಿಯಲ್ಲಿ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿರುವ ಜನರನ್ನೂ, ಅವರ ಕಾಲಬುಡದಲ್ಲಿ ಅದೇ ಬಿಸಿಲಿಗೆ ಮೈಚಾಚಿದ ನಾಯಿಗಳನ್ನೂ ಕಂಡರೆ, ಚಳಿಯು ಎಲ್ಲ ಜೀವಿಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದೆಂದು ತೋರದೆ ಇರದು.

ಈ ಕಾಲದಲ್ಲಿಯೇ ಪಟ್ಟಣಗಳ ಶಾಲೆಗಳಿಗೆ ಕ್ರಿಸ್ಮಸ್ಸಿನಿಂದ ಹೊಸ ವರ್ಷದ ವರೆಗಿನ ಬಿಡುವು ದೊರೆಯುವುದು. ಮಕ್ಕಳು ಮೊಮ್ಮಕ್ಕಳು ಹಳ್ಳಿಗಳಿಗೆ ಬರುವರು. ಹತ್ತು ದಿನ ಹಿತ್ತಿಲಿನ ಕೋಳಿ, ನಾಯಿ, ಬೆಕ್ಕುಗಳಿಗೆ ಎಂದೂ ಇಲ್ಲದ ಸಂಭ್ರಮ. ಹನ್ನೊಂದನೆಯ ದಿನ ಎಂದೂ ಇಲ್ಲದ ಮೌನ. ಹೋದ ವರ್ಷ ಈ ಹತ್ತು ದಿನಗಳಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯು, ನಾನು ಬಹುಕಾಲದಿಂದ ಬಲ್ಲೆನೆಂದು ತಿಳಿದಿದ್ದ ಒಂದು ವಿಷಯವನ್ನು ನಾನು ಅರಿಯೆನೆಂದು ತೋರಿಸಿಕೊಟ್ಟಿತು. ಆ ವಿಷಯವು ಇದು: ನಾವು ಸಾಕಿದ ಪ್ರಾಣಿಗೆ ನಾವು ತೆರಬೇಕಾದುದು ಏನು? ಪ್ರೀತಿಯೇ? ಅಥವಾ ಬೇರೆ ಏನಾದರೂ ಉಂಟೇ?

ಸಂಗತಿಯನ್ನು ಮೊದಲು ಹೇಳುವೆನು.

ನಮ್ಮ ಹಿತ್ತಿಲಿನಲ್ಲಿ ಒಂದು ಬೇವಿನ ಮರ, ಅದರ ನೆರಳಿನಲ್ಲಿ ಕಲ್ಲಿನ ಒಂದು ಕೋಳಿಗೂಡು. ಎಂಟು ಹೇಂಟೆಗಳು, ಒಂದು ಹುಂಜ. ಇವುಗಳ ಆಡಳಿತವೆಲ್ಲ ನಮ್ಮ ಅತ್ತಿಗೆಯವರದು. ಅವರಿಗೆ ಎಪ್ಪತ್ತು ದಾಟಿತು. ಅವರು ಕೋಳಿಗಳಿಗೆ ಹೆಸರಿಟ್ಟವರಲ್ಲ, ಮುದ್ದು ಮಾಡಿದವರಲ್ಲ, ಕೈಯಲ್ಲಿ ಎತ್ತಿದರೆ ಅದು ಕಾಲಿನ ಗಾಯವನ್ನು ನೋಡುವುದಕ್ಕೋ, ಸಂತೆಗೆ ಒಯ್ಯುವುದಕ್ಕೋ, ಅಡಿಗೆಮನೆಗೆ ಒಯ್ಯುವುದಕ್ಕೋ ಆಗಿರುವುದು. ಬೆಳಿಗ್ಗೆ ಗೂಡಿನ ಬಾಗಿಲನ್ನು ತೆಗೆದು ಸಜ್ಜೆಯನ್ನೂ ಜೋಳದ ನುಚ್ಚನ್ನೂ ಚೆಲ್ಲುವರು. ಮಣ್ಣಿನ ಬೋಗುಣಿಯನ್ನು ತಿಕ್ಕಿ ಹೊಸ ನೀರನ್ನು ತುಂಬುವರು. ಸಂಜೆ ದೀಪ ಹಚ್ಚುವುದಕ್ಕೆ ಮುಂಚೆ ಒಂಬತ್ತನ್ನೂ ಎಣಿಸಿ ಬಾಗಿಲು ಹಾಕಿ, ಅದಕ್ಕೆ ಒಂದು ಗುಂಡುಕಲ್ಲನ್ನು ಆನಿಸುವರು. ಮದುವೆಯಿರಲಿ, ಮೈಲಿಗೆಯಿರಲಿ, ಜಾತ್ರೆಯಿರಲಿ, ಈ ಎಣಿಕೆಯು ತಪ್ಪಿದುದನ್ನು ನಾನು ಕಂಡಿರಲಿಲ್ಲ. ಒಮ್ಮೆ ಅವರಿಗೆ ಜ್ವರ ಬಂದಾಗ ಹಾಸಿಗೆಯ ಮೇಲಿಂದಲೇ ನೆರೆಮನೆಯ ಹುಡುಗನನ್ನು ಕೂಗಿ, ಅವನು ಎಣಿಸಿ ಒಂಬತ್ತು ಎಂದ ಮೇಲೆಯೇ ಮಗ್ಗುಲಾದರು.

ಮೊಮ್ಮಕ್ಕಳು ಬೆಂಗಳೂರಿನಿಂದ ಬಂದರು. ಹಿರಿಯವಳಿಗೆ ಒಂಬತ್ತು ವರ್ಷ, ಕಿರಿಯವನಿಗೆ ಆರು. ಬಂದ ದಿನವೇ ಕೋಳಿಗಳಿಗೆಲ್ಲ ನಾಮಕರಣವಾಯಿತು. ಬೂದುಬಣ್ಣದ ಮೈಮೇಲೆ ಬಿಳಿಯ ಚುಕ್ಕೆಗಳಿದ್ದ ಒಂದು ಎಳೆಯ ಹೇಂಟೆಗೆ ಹುಡುಗಿಯು ಚುಕ್ಕಿಯೆಂದು ಹೆಸರಿಟ್ಟಳು. ಅದೂ ಎರಡು ದಿನಗಳಲ್ಲಿಯೇ ಅವಳ ಹಿಂದೆ ತಿರುಗಲಾರಂಭಿಸಿತು. ಬೀದಿಯ ಒಂದು ಕಂದುನಾಯಿಯು ಬಿಸ್ಕತ್ತಿನ ಆಸೆಯಿಂದ ನಮ್ಮ ಪಡಸಾಲೆಯ ಮೆಟ್ಟಿಲನ್ನೇ ತನ್ನ ಮನೆಯನ್ನಾಗಿ ಮಾಡಿಕೊಂಡಿತು. ಅದಕ್ಕೂ ಒಂದು ಹೆಸರಾಯಿತು.

ಮಕ್ಕಳ ಪ್ರಶ್ನೆಗಳಿಗೆ ಮಿತಿಯಿಲ್ಲ. ಚಳಿಗಾಲದಲ್ಲಿ ಮೊಟ್ಟೆಗಳು ಏಕೆ ಕಡಮೆ? ಕೋಳಿಯು ಮೊಟ್ಟೆಯಿಡುವುದು ಹಗಲಿನ ಅಳತೆಯನ್ನು ನೋಡಿ. ನಮ್ಮ ಸೀಮೆಯಲ್ಲಿ ಡಿಸೆಂಬರಿನ ಕಿರುಹಗಲು ಸುಮಾರು 11 ಗಂಟೆ 15 ನಿಮಿಷ, ಜೂನಿನ ಹಿರಿಹಗಲು ಸುಮಾರು 13 ಗಂಟೆ. ಬೆಳಕು ಕುಗ್ಗಿದರೆ ಮೊಟ್ಟೆಯೂ ಕುಗ್ಗುವುದು ಎಂದು ಹೇಳಿದೆನು. ಹುಂಜವು ಕಾಳನ್ನು ಕಂಡರೆ ತಾನು ತಿನ್ನದೆ ಲೊಚಗುಟ್ಟಿ ಹೇಂಟೆಗಳನ್ನು ಕರೆಯುವುದೇಕೆ? ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಕೋಳಿಯ ಈ ಗುಣವನ್ನು ಕಂಡು ಭಕ್ತರಿಗೆ ಮೇಲ್ಪಂಕ್ತಿಯಾಗಿ ತೋರಿಸಿದರೆಂದು ಹೇಳಿದೆನು. ಕರಿಯ ಹೇಂಟೆಯು ಚುಕ್ಕಿಯನ್ನು ಕುಕ್ಕಿದರೆ ಚುಕ್ಕಿಯು ಸುಮ್ಮನಿದ್ದು ಬೇರೊಂದನ್ನು ಕುಕ್ಕುವುದೇಕೆ? ನಾರ್ವೇ ದೇಶದ ಥೋರ್ಲೀಫ್ ಶೆಲ್ಡೆರಪ್-ಎಬ್ಬೆ ಎಂಬವನು ಇವಳಷ್ಟೇ ಚಿಕ್ಕವನಾಗಿದ್ದಾಗ ಕೋಳಿಗಳ ನಡುವೆ ಆಡುತ್ತ ಇದನ್ನೇ ಗಮನಿಸಿ, ಯಾವುದು ಯಾವುದನ್ನು ಕುಕ್ಕುವುದೆಂದು ಪುಸ್ತಕದಲ್ಲಿ ಬರೆದಿಟ್ಟು, ಬೆಳೆದ ಮೇಲೆ 1922ರಲ್ಲಿ ಕೋಳಿಗಳ ಕುಕ್ಕಿನ ಕ್ರಮವನ್ನು ಕುರಿತು ಲೋಕಕ್ಕೆಲ್ಲ ತಿಳಿಸಿದನು. ಈ ಕಥೆಯನ್ನು ಕೇಳಿದ ಮೇಲೆ ಹುಡುಗಿಯೂ ಒಂದು ಪುಸ್ತಕವನ್ನು ಹಿಡಿದಳು. ನಾನು ನಿವೃತ್ತ ಉಪಾಧ್ಯಾಯ. ಹೇಳುವ ಸುಖವನ್ನು ಬಹುದಿನಗಳ ಮೇಲೆ ಮತ್ತೆ ಕಂಡೆನು.

ಸಂಜೆಯ ಎಣಿಕೆಯ ಕೆಲಸವನ್ನು ಹುಡುಗಿಯು ಹಟಹಿಡಿದು ತನ್ನದಾಗಿ ಮಾಡಿಕೊಂಡಳು. ಐದು ದಿನ ತಪ್ಪದೆ ನಡೆಸಿದಳು. ಆರನೆಯ ದಿನ ಮಕ್ಕಳನ್ನು ಹಂಪೆಗೆ ಕರೆದುಕೊಂಡು ಹೋಗುವುದೆಂದಾಯಿತು. ಅತ್ತಿಗೆಯವರೂ ವಿರೂಪಾಕ್ಷನ ದರ್ಶನಕ್ಕೆಂದು ಜತೆಯಲ್ಲಿ ಹೊರಟರು. ಹೊರಡುವಾಗ ಹುಡುಗಿಯು ನನ್ನ ಕೈಹಿಡಿದು, “ಅಜ್ಜಾ, ಇವತ್ತು ಬಾಗಿಲು ನಿನ್ನದು” ಎಂದಳು. ಆಗಲೆಂದೆನು. ಆಗಲೆಂದವನು ಮರೆತೆನು. ಮರೆತುದು ಏತರಿಂದ ಎಂಬುದನ್ನು ಬರೆಯುವುದಕ್ಕೆ ನಾಚಿಕೆಯಾಗುವುದು, ಆದರೂ ಬರೆಯತಕ್ಕದ್ದು. ಮುಂದಿನ ವಾರ ಒಂದು ಸಭೆಯಲ್ಲಿ ನಾನು ಓದಬೇಕಾಗಿದ್ದ ಉಪನ್ಯಾಸದ ಕೊನೆಯ ಪುಟಗಳನ್ನು ಬರೆಯುತ್ತ ಕುಳಿತಿದ್ದೆನು. ಉಪನ್ಯಾಸದ ವಿಷಯವು ಭೂತದಯೆ.

ಅವರು ಬಂದುದು ರಾತ್ರಿ ಹತ್ತು ಗಂಟೆಗೆ. ಮಕ್ಕಳು ಬಂಡಿಯಲ್ಲಿಯೇ ನಿದ್ದೆಹೋಗಿದ್ದರು. ಅತ್ತಿಗೆಯವರು ಕಾಲು ತೊಳೆಯುವುದಕ್ಕೂ ಮುಂಚೆ ಹಿತ್ತಿಲಿಗೆ ಹೋದರು. ಗೂಡಿನ ಬಾಗಿಲು ತೆರೆದಿದ್ದಿತು. ಗುಡ್ಡದ ಕಡೆಯಿಂದ ಕಾಡುಬೆಕ್ಕು ಬಂದುಹೋಗಿದ್ದಿತು. ಒಂದು ಹೇಂಟೆಯು ಗೂಡಿನೊಳಗೇ ಕತ್ತು ಮುರಿದು ಬಿದ್ದಿದ್ದಿತು. ಇನ್ನೊಂದು ಇರಲೇ ಇಲ್ಲ, ಗೋಡೆಯ ವರೆಗೆ ಬೂದುಬಣ್ಣದ ಗರಿಗಳು ಮಾತ್ರ ಚೆಲ್ಲಿದ್ದುವು. ಅತ್ತಿಗೆಯವರು ನನ್ನನ್ನು ಗದರಲಿಲ್ಲ. ದೀಪವನ್ನು ನನ್ನ ಕೈಗೆ ಕೊಟ್ಟು ಗರಿಗಳನ್ನು ಒಂದೊಂದಾಗಿ ಆರಿಸುತ್ತ, “ಹೊತ್ತು ಮುಣುಗಿದ ಮ್ಯಾಲೆ ಕೋಳಿಗೆ ಕಣ್ಣು ಕಾಣಂಗಿಲ್ಲ. ಅದಕ್ಕ ನಮ್ಮ ಕಣ್ಣು ಬೇಕಾಗ್ತಾವ” ಎಂದರು. ಅಷ್ಟೇ ಅವರ ಮಾತು.

ಬೆಳಿಗ್ಗೆ ಹುಡುಗಿಗೆ ನಾನೇ ಹೇಳಿದೆನು. ಗೂಡಿನ ಕಲ್ಲು ಸಡಿಲವಾಗಿದ್ದಿತೆಂದು ಹೇಳಿಬಿಡಬೇಕೆಂಬ ಯೋಚನೆಯು ಒಂದು ಕ್ಷಣ ಬಂದುದು ನಿಜ. ಹೇಳಲಿಲ್ಲ. ಅವಳು ಅತ್ತಳು; ಮಧ್ಯಾಹ್ನದ ವರೆಗೆ ನನ್ನೊಡನೆ ಮಾತನಾಡಲಿಲ್ಲ. ಆಮೇಲೆ ಬಂದು ನನ್ನ ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆಯನ್ನು ಕೇಳಿದಳು. ಸಂಕ್ರಾಂತಿಯ ಮರುದಿನ, ಕರಿಯ ಹಬ್ಬಕ್ಕೆ, ಎರಡು ಕೋಳಿಗಳನ್ನು ಕೊಯ್ಯುವುದು ನಮ್ಮ ಮನೆಯ ವಾಡಿಕೆ. ಅದು ಅವಳ ಕಿವಿಗೆ ಬಿದ್ದಿದ್ದಿತು. “ಅಜ್ಜಾ, ಹಬ್ಬಕ್ಕೆ ಚುಕ್ಕಿಯನ್ನೇ ಕೊಯ್ಯುತ್ತಿದ್ದರೋ ಏನೋ. ಬೆಕ್ಕು ತಿಂದರೂ ಅದು ಸಾಯುತ್ತೆ, ನಾವು ತಿಂದರೂ ಸಾಯುತ್ತೆ. ಹಾಗಾದರೆ ನಿನ್ನದು ಏನು ತಪ್ಪು?”

ಮಗುವು ನನ್ನನ್ನು ಸಮಾಧಾನಪಡಿಸುವುದಕ್ಕಾಗಿಯೇ ಹೀಗೆ ಕೇಳಿತೆಂದು ಈಗಲೂ ನನ್ನ ನಂಬಿಕೆ. ಆದರೆ ಆ ಸಮಾಧಾನದ ಮಾತು ನನ್ನ ಉಪನ್ಯಾಸದ ಇಪ್ಪತ್ತು ಪುಟಗಳನ್ನೂ ಒಂದೇ ಏಟಿಗೆ ಕೆಡವಿತು. ನಾನು ಆ ದಿನ ಉತ್ತರ ಹೇಳಲಾರದೆ ಹೋದೆನು. ಈ ಲೇಖನವನ್ನು ಆ ಉತ್ತರಕ್ಕಾಗಿ ಮಾಡಿದ ಪ್ರಯತ್ನವೆಂದು ವಾಚಕರು ಭಾವಿಸಬಹುದು.

ಕೋಳಿಯ ಕಡೆಯಿಂದ ನೋಡಿದರೆ ಎರಡು ಸಾವುಗಳಿಗೂ ಭೇದವು ಅಲ್ಪವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ನಮ್ಮ ಕತ್ತಿಯ ಏಟು ಬೆಕ್ಕಿನ ಹಲ್ಲಿಗಿಂತ ಒಂದು ನಿಮಿಷ ಬೇಗನೆ ಕೆಲಸ ಮುಗಿಸೀತು. ಆ ಒಂದು ನಿಮಿಷವನ್ನು ಮಹೋಪಕಾರವೆಂದು ಎಣಿಸಿಕೊಳ್ಳುವುದು ನಮಗೆ ಶೋಭಿಸದು. ಆಂಗ್ಲ ತತ್ತ್ವಜ್ಞನಾದ ಜೆರೆಮಿ ಬೆಂಥಾಮನು 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಪ್ರಾಣಿಗಳಿಗೆ ವಿವೇಚನೆಯುಂಟೇ ಮಾತುಂಟೇ ಎಂದು ವಿಚಾರಿಸುವುದು ವ್ಯರ್ಥ, ನೋವು ಉಂಟೇ ಎಂಬುದನ್ನು ವಿಚಾರಿಸಬೇಕು ಎಂದು ವಾದಿಸಿದನು. ಆ ತಕ್ಕಡಿಯಲ್ಲಿ ತೂಗಿದರೆ ನನ್ನ ಮರವೆಗೂ ಅಡಿಗೆಮನೆಯ ಕತ್ತಿಗೂ ಹೆಚ್ಚು ಅಂತರವಿರಲಾರದು. ಆದರೂ ನನ್ನ ಮನಸ್ಸು ನನ್ನನ್ನು ಬಿಡಲಿಲ್ಲ. ಕತ್ತಿ ಹಿಡಿಯುವ ಅತ್ತಿಗೆಯವರ ಮುಖವನ್ನು ನೋಡುವುದಕ್ಕೆ ನನಗೆ ನಾಚಿಕೆಯಾಗುತ್ತಿದ್ದಿತೇ ಹೊರತು ಅವರಿಗೆ ನನ್ನ ಮುಖವನ್ನು ನೋಡುವುದಕ್ಕೆ ನಾಚಿಕೆಯಿರಲಿಲ್ಲ. ಇದೇಕೆ?

ದಯೆಯನ್ನು ಕುರಿತು ಮಾತನಾಡುವಾಗ ನಮ್ಮಲ್ಲಿ ಭಾವಕ್ಕೆ ಮೊದಲ ಮಣೆ. ಇದಕ್ಕೆ ಕನ್ನಡಿಗರಿಗೆ ದೊಡ್ಡದೊಂದು ಆಧಾರವೂ ಉಂಟು. ಜನ್ನಕವಿಯು 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ಅರಸನು ದೇವಿಗೆ ಬಲಿಯಾಗಿ ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಕತ್ತರಿಸುವನು. ರಕ್ತವಿಲ್ಲ, ನೋವಿಲ್ಲ, ಇದ್ದುದು ಕೊಲ್ಲುವ ಸಂಕಲ್ಪವೊಂದೇ. ಆ ಸಂಕಲ್ಪದ ಫಲವಾಗಿ ಅವನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ಕೊಲ್ಲಿಸಿಕೊಳ್ಳುವರು. ಹಿಂಸೆಯು ಕೈಯಲ್ಲಿಲ್ಲ, ಮನಸ್ಸಿನಲ್ಲಿರುವುದು ಎಂಬುದು ಆ ಕಥೆಯ ಹೃದಯ. ಇದನ್ನು ನಾನು ಮೂವತ್ತು ವರ್ಷ ಪಾಠ ಹೇಳಿದೆನು. ಹೇಳುತ್ತ ಹೇಳುತ್ತ ಅದರ ಮಗ್ಗುಲನ್ನೂ ನಂಬಿಬಿಟ್ಟಿದ್ದೆನು: ಹಿಂಸೆಗೆ ಮನಸ್ಸೇ ಸಾಕಾದರೆ ಅಹಿಂಸೆಗೂ ಮನಸ್ಸೇ ಸಾಕಲ್ಲವೇ? ನನ್ನ ಮನಸ್ಸಿನಲ್ಲಿ ಕೋಳಿಗಳ ಮೇಲೆ ಪ್ರೀತಿಯಿದ್ದಿತು. ಮೊಮ್ಮಗಳ ಚುಕ್ಕಿಯ ಮೇಲೆ ವಿಶೇಷ ಪ್ರೀತಿಯಿದ್ದಿತು. ಆ ಸಂಜೆ ನಾನು ಬರೆಯುತ್ತಿದ್ದುದೂ ದಯೆಯನ್ನು ಕುರಿತೇ.

ಇಲ್ಲಿಯೇ ಎಡವಿದುದು. ಜನ್ನನ ಮಾತು ಸತ್ಯ. ಅದರ ಮಗ್ಗುಲು ಸತ್ಯವಲ್ಲ. ಕೊಲ್ಲುವ ಸಂಕಲ್ಪವು ಪಾಪಕ್ಕೆ ಸಾಲುವುದು. ಕಾಯುವ ಸಂಕಲ್ಪವು ಕಾಯುವುದಕ್ಕೆ ಸಾಲದು. ಹಿಟ್ಟಿನ ಕೋಳಿಯನ್ನು ಕಡಿದವನು ಕಡಿದವನೇ. ಆದರೆ ಮನಸ್ಸಿನಲ್ಲಿ ಬಾಗಿಲು ಹಾಕಿದವನು ಬಾಗಿಲು ಹಾಕಿದವನಲ್ಲ. ಕಾಡುಬೆಕ್ಕಿಗೆ ನನ್ನ ಅಂತಃಕರಣದ ಅಗುಳಿಯು ಕಾಣಿಸದು.

ಹಾಗಾದರೆ ಆ ಬಾಗಿಲನ್ನು ಹಾಕಬೇಕಾದ ಹೊಣೆಯು ನನ್ನ ಮೇಲೆ ಬಂದುದೆಲ್ಲಿಂದ? ಪ್ರೀತಿಯಿಂದಲ್ಲ, ಪ್ರೀತಿಯಿಲ್ಲದ ಅತ್ತಿಗೆಯವರ ಮೇಲೂ ಅದು ಇದ್ದಿತು. ಇದನ್ನು ತಿಳಿಯಲು ಕೋಳಿಯ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡಬೇಕು. ನಮ್ಮ ಹಿತ್ತಿಲ ಕೋಳಿಯ ಮೂಲಪುರುಷನು ಏಷ್ಯಾದ ಕಾಡುಗಳ ಕೆಂಪು ಕಾಡುಕೋಳಿ. ಅದು ಹಗಲು ನೆಲದ ಮೇಲೆ ಮೇಯ್ದು, ಹೊತ್ತು ಮುಳುಗುವಾಗ ಮರವನ್ನೇರಿ ಕೊಂಬೆಯ ಮೇಲೆ ಇರುಳನ್ನು ಕಳೆಯುವುದು. ಕಣ್ಣು ಕಾಣದ ಇರುಳಿಗೆ ಪ್ರಕೃತಿಯು ಅದಕ್ಕೆ ಕೊಟ್ಟ ರಕ್ಷೆ ಆ ಮರ. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ ಸಾಕುಕೋಳಿಯದೆಂದು ಒಪ್ಪಬಹುದಾದ ಅತಿ ಹಳೆಯ ಎಲುಬುಗಳು ದೊರೆತುದು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ. ಕಾಲವು ಕ್ರಿಸ್ತಪೂರ್ವ 1650ರಿಂದ 1250ರ ನಡುವೆ. ಮನುಷ್ಯನು ಬೆಳೆದ ಬತ್ತ, ಕಿರುಧಾನ್ಯಗಳ ಆಸೆಯಿಂದ ಕಾಡುಕೋಳಿಯು ಊರಿನ ಬಳಿಗೆ ಬಂದಿತೆಂದು ಆ ಪಂಡಿತರ ಅಭಿಪ್ರಾಯ. ಎಂದರೆ ನಾವು ಅದನ್ನು ಬಲೆಯಿಂದ ಹಿಡಿದುದಕ್ಕಿಂತ ಕಾಳಿನಿಂದ ಹಿಡಿದೆವು.

ನಮ್ಮ ಹಿತ್ತಿಲಿನಲ್ಲಿಯೂ ನಡೆದುದು ಅದೇ ಅಲ್ಲವೇ? ಚುಕ್ಕಿಯೂ ಅದರ ಓರಗೆಯವೂ ಬೇಸಗೆಯಲ್ಲಿ ಬೇವಿನ ಮರವನ್ನೇರಿ ಮಲಗಲು ಕಲಿತಿದ್ದುವು. ಮೊಟ್ಟೆಗಳು ಕೈಗೆ ಸಿಕ್ಕುವುದಿಲ್ಲವೆಂದು ಅತ್ತಿಗೆಯವರು ಒಂದೊಂದು ರೆಕ್ಕೆಯ ತುದಿಗರಿಗಳನ್ನು ಕತ್ತರಿಸಿ, ಕೆಲವು ದಿನ ಕಾಳು ತೋರಿಸಿ, ಗೂಡಿಗೆ ಒಗ್ಗಿಸಿದರು. ಅಂದಿನಿಂದ ಅವು ಮರವನ್ನು ಬಿಟ್ಟುವು. ಈಗ ವಾಚಕರು ವಿಚಾರಿಸಿ ನೋಡಬೇಕು: ಬಾಗಿಲು ತೆರೆದ ಗೂಡು ಏನು? ಅದು ಗೂಡೂ ಅಲ್ಲ, ಮರವೂ ಅಲ್ಲ. ಬೆಕ್ಕಿಗೆ ಬಡಿಸಿಟ್ಟ ಎಲೆ. ಬೇವಿನ ಕೊಂಬೆಯ ಮೇಲೆ ಮಲಗಿದ್ದರೆ ಚುಕ್ಕಿಯು ಆ ರಾತ್ರಿ ಬದುಕುತ್ತಿದ್ದಿತೇನೋ. ನಾವು ಅದರ ಮರವನ್ನು ತೆಗೆದುಕೊಂಡೆವು; ಅದಕ್ಕೆ ಬದಲಾಗಿ ಬಾಗಿಲನ್ನು ಕೊಡುವೆವೆಂದು ಬಾಯಿಲ್ಲದ ಮಾತು ಕೊಟ್ಟೆವು. ಮಾತಿನ ಕರಾರು ಕೋಳಿಗೆ ತಿಳಿಯದು, ನಿಜ. ತಿಳಿಯದವರ ಸಂಗಡ ಮಾಡಿದ ಕರಾರನ್ನು ಮುರಿಯುವುದು ತಿಳಿದವರ ಸಂಗಡ ಮಾಡಿದುದನ್ನು ಮುರಿಯುವುದಕ್ಕಿಂತ ಹೀನವಾದುದು. ಏಕೆಂದರೆ ಅಲ್ಲಿ ಕೇಳುವವರಿಲ್ಲ.

ಇದೇ ಋಣ. ಪ್ರೀತಿಸಿದುದರಿಂದ ಹುಟ್ಟಿದುದಲ್ಲ, ಕಸಿದುಕೊಂಡುದರಿಂದ ಹುಟ್ಟಿದುದು. ಒಂದು ಜೀವಿಯು ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯವನ್ನು ನಾವು ಎಷ್ಟು ಕಿತ್ತುಕೊಂಡಿರುವೆವೋ ಅಷ್ಟು ಅದನ್ನು ಕಾಪಾಡುವ ಭಾರವು ನಮ್ಮದಾಯಿತು. ಅತ್ತಿಗೆಯವರು ಈ ಲೆಕ್ಕವನ್ನು ಮಾತಿನಲ್ಲಿ ಹೇಳಿದವರಲ್ಲ. ಆದರೆ ಕೋಳಿಗೆ ಕಾಣದುದರಿಂದ ನಮ್ಮ ಕಣ್ಣು ಬೇಕು ಎಂದವರು ಬೇರೆ ಏನನ್ನು ಹೇಳಿದರು?

ಆದರೆ ಆ ಕಣ್ಣೇ ಕೊನೆಗೆ ಕತ್ತಿಯನ್ನೂ ನೋಡಿ ಹಿಡಿಯುವುದಲ್ಲವೇ ಎಂದು ಹುಡುಗಿಯ ಪ್ರಶ್ನೆಯು ಮತ್ತೆ ನಿಲ್ಲುವುದು. ಈ ಕಷ್ಟವನ್ನು ನಾನು ಮರೆಮಾಚಲಾರೆನು. ನಮ್ಮ ನೆಲದ ಅತ್ಯಂತ ಹಳೆಯ ಬರೆಹಗಳಲ್ಲಿಯೂ ಈ ಕಷ್ಟದ ಗುರುತು ಉಂಟು. ಸಿರುಗುಪ್ಪದ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿ 1977–78ರ ಸುಮಾರಿಗೆ ಅಶೋಕನ ಶಾಸನಗಳು ದೊರೆತುವು. ತಾಯಿತಂದೆಗಳ ಮಾತನ್ನು ಕೇಳಬೇಕು, ಸತ್ಯವನ್ನು ನುಡಿಯಬೇಕು ಎಂಬುವುಗಳ ಸಾಲಿನಲ್ಲಿಯೇ ಪ್ರಾಣಿಗಳಲ್ಲಿ ದಯೆಯಿರಬೇಕೆಂಬ ಬೋಧೆಯನ್ನೂ ಆ ಅರಸನು ಕಿರುಶಾಸನಗಳಲ್ಲಿ ಇಟ್ಟನು. ಗುತ್ತಿಯ ಬಳಿಯ ಎರ್ರಗುಡಿಯ ಬಂಡೆಗಳಲ್ಲಿ ಆ ಬೋಧೆಯನ್ನು ಆನೆಯ ಮಾವಟಿಗರಿಗೂ ತಿಳಿಸಬೇಕೆಂದು ಹೇಳಿರುವುದು. ಅದೇ ಎರ್ರಗುಡಿಯಲ್ಲಿ ಇನ್ನೊಂದು ಶಾಸನವುಂಟು: ಹಿಂದೆ ತನ್ನ ಅಡಿಗೆಮನೆಗಾಗಿ ದಿನವೂ ಲಕ್ಷಗಟ್ಟಲೆ ಜೀವಗಳು ಹತವಾಗುತ್ತಿದ್ದುವೆಂದೂ, ಈಗ ಮೂರು ಮಾತ್ರ, ಎರಡು ನವಿಲು ಒಂದು ಜಿಂಕೆ, ಅದರಲ್ಲಿ ಜಿಂಕೆಯು ದಿನವೂ ಇಲ್ಲವೆಂದೂ, ಮುಂದೆ ಇವೂ ನಿಲ್ಲುವುವೆಂದೂ ಅರಸನು ಬರೆಯಿಸಿರುವನು. ಉತ್ತರದೇಶದ ಐದನೆಯ ಸ್ತಂಭಶಾಸನದಲ್ಲಿ ಹಾಲೂಡುವ ಆಡು ಕುರಿ ಹಂದಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದೆಂದೂ, ಹುಂಜದ ಬೀಜವನ್ನು ತೆಗೆಯಬಾರದೆಂದೂ ವಿಧಿಸಿರುವನು.

ಈ ಲೆಕ್ಕವನ್ನು ಓದಿ ನಗುವವರುಂಟು: ದಯೆಯನ್ನು ಬೋಧಿಸಿದವನ ಮನೆಯಲ್ಲಿ ಎರಡು ನವಿಲೇಕೆ? ನನಗೆ ಆ ಎರಡು ನವಿಲುಗಳು ಆ ಶಾಸನದ ಅತ್ಯಂತ ಸತ್ಯವಾದ ಭಾಗವೆಂದು ಕಾಣುವುದು. ತಾನು ಇನ್ನೂ ತೆಗೆದುಕೊಳ್ಳುತ್ತಿರುವುದನ್ನು ಎಣಿಸಿ, ಎಣಿಕೆಯನ್ನು ಬಂಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸಿದವನು ಅದನ್ನು ಕಡಮೆ ಮಾಡುವ ಹಾದಿಯಲ್ಲಿರುವನು. ಎಣಿಸದವನು ಆ ಹಾದಿಗೆ ಬಂದೇ ಇಲ್ಲ. ಅತ್ತಿಗೆಯವರು ಕೊಯ್ದ ಪ್ರತಿಯೊಂದು ಕೋಳಿಯೂ ಅವರ ಲೆಕ್ಕದಲ್ಲಿರುವುದು. ನನ್ನ ಮರವೆಯಿಂದ ಸತ್ತುವು ಯಾರ ಲೆಕ್ಕದಲ್ಲಿಯೂ ಇರಲಿಲ್ಲ. ಅವು ನನ್ನ ಗಮನಕ್ಕೂ ಬಾರದೆ ಸತ್ತುವು. ಕೊಂದವರು ಏನನ್ನು ಮಾಡಿದೆವೆಂದು ಬಲ್ಲರು. ಮರೆತವನು ತಾನು ಏನನ್ನೂ ಮಾಡಲಿಲ್ಲವೆಂದು ತಿಳಿಯುವನು. ನನ್ನ ತಪ್ಪು ಇದು. ಇದರಿಂದ ಕೊಯ್ಯುವುದು ಸರಿಯೆಂದಾಗಲಿಲ್ಲ. ಆ ಪ್ರಶ್ನೆಯು ಬೇರೆ. ಅದು ನನ್ನ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಹೋದ ಕರಿಯ ದಿನ ನಾನು ಬಡಿಸಿಕೊಳ್ಳಲಿಲ್ಲ. ಮುಂದಿನ ವರ್ಷ ಏನು ಮಾಡುವೆನೋ ಹೇಳಲಾರೆನು. ಆದರೆ ಆ ಪ್ರಶ್ನೆಯು ತೀರುವ ವರೆಗೆ ಈ ಬಾಗಿಲು ತೆರೆದಿರತಕ್ಕದ್ದಲ್ಲ. ಸಾಯಲಿರುವ ಜೀವಕ್ಕೆ ಈ ರಾತ್ರಿಯ ರಕ್ಷೆ ಏಕೆ ಎನ್ನುವುದಾದರೆ, ಸಾಯಲಿರುವವರು ನಾವೂ ಹೌದು. ನಮ್ಮ ಮನೆಗೂ ರಾತ್ರಿ ಅಗುಳಿಯುಂಟು.

ಪ್ರಾಣಿಗಳ ಸಹವಾಸದಿಂದ ಮಕ್ಕಳು ದಯೆಯನ್ನು ಕಲಿಯುವರು, ಆದುದರಿಂದ ರಜೆಯಲ್ಲಿ ಅವರನ್ನು ಹಳ್ಳಿಗೆ ಕರೆತರಬೇಕು ಎಂದು ಹಿತವಂತರು ಹೇಳುವುದುಂಟು. ಜರ್ಮನಿಯ ಕಾಂಟನೂ ಇದಕ್ಕೆ ಸಮೀಪದ ಮಾತನ್ನಾಡಿರುವನು: ಪ್ರಾಣಿಗಳಿಗೆ ಕ್ರೂರನಾದವನು ಮನುಷ್ಯರಿಗೂ ಕಠಿನನಾಗುವನು, ಆದುದರಿಂದ ಅವುಗಳಿಗೆ ತೋರುವ ಕನಿಕರವು ಮಾನವಧರ್ಮದ ಅಭ್ಯಾಸವು ಎಂದು. ಮಾತು ಸುಳ್ಳಲ್ಲ. ಆದರೆ ಇದರಲ್ಲಿ ಒಂದು ಅಪಾಯವುಂಟು. ಹಾಗೆಂದುಕೊಂಡರೆ ಕೋಳಿಯು ಮಗುವಿನ ಹಲಗೆಯಾಗುವುದು. ಅಕ್ಷರ ಕಲಿತ ಮೇಲೆ ಹಲಗೆಯನ್ನು ಒರೆಸಿ ಮೂಲೆಗಿಡಬಹುದಲ್ಲವೇ? ಕಂದುನಾಯಿಯ ವಿಷಯದಲ್ಲಿ ಆದುದು ಹೀಗೆಯೇ. ಹತ್ತು ದಿನ ಮೂರು ಹೊತ್ತು ಬಿಸ್ಕತ್ತು; ಆ ಹತ್ತು ದಿನಗಳಲ್ಲಿ ಅದು ಸಂತೆಯ ಬಯಲಿಗೆ ಹೋಗುವುದನ್ನೂ, ಖಾನಾವಳಿಯ ಹಿಂದಣ ಎಂಜಲೆಲೆಯ ಪಾಲನ್ನು ಬೇರೆ ನಾಯಿಗಳೊಡನೆ ಹೋರಾಡಿ ಉಳಿಸಿಕೊಳ್ಳುವುದನ್ನೂ ಬಿಟ್ಟಿತು. ಹನ್ನೊಂದನೆಯ ದಿನ ಮಕ್ಕಳು ಹೋದರು. ಅದು ಮೆಟ್ಟಿಲಿನ ಮೇಲೆಯೇ ಇದ್ದಿತು. ಮಕ್ಕಳ ಪ್ರೀತಿಯಲ್ಲಿ ಕಪಟವೇನೂ ಇರಲಿಲ್ಲ. ಅದಕ್ಕೆ ತಾರೀಖು ಮಾತ್ರ ಇದ್ದಿತು. ಆ ತಾರೀಖನ್ನು ನಾಯಿಗೆ ಹೇಳುವ ಭಾಷೆ ಯಾರಿಗೂ ಬಾರದು.

ಮಹಾಭಾರತದ ಕೊನೆಯಲ್ಲಿ ಧರ್ಮರಾಜನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದುದು ಎಲ್ಲರಿಗೂ ತಿಳಿದುದೇ. ಅಲ್ಲಿ ಅವನು ನಾಯಿಯನ್ನು ಮುದ್ದಾಡಿದ ಮಾತು ಎಲ್ಲಿಯೂ ಇಲ್ಲ. ನಂಬಿ ಹಿಂದೆ ಬಂದುದನ್ನು ಬಿಡುವುದು ಪಾಪವೆಂಬುದೊಂದೇ ಅವನ ವಾದ. ನಮ್ಮ ಕಾಲದ ಕಾನೂನೂ ಅದನ್ನೇ ಹೇಳುವುದು. ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯ ಮೂರನೆಯ ವಿಧಿಯು, ಪ್ರಾಣಿಯು ಯಾರ ವಶದಲ್ಲಿರುವುದೋ ಅವರೇ ಅದರ ಕ್ಷೇಮಕ್ಕೆ ತಕ್ಕ ಏರ್ಪಾಟುಗಳನ್ನು ಮಾಡತಕ್ಕದ್ದೆಂದು ಹೇಳಿ, ಹನ್ನೊಂದನೆಯ ವಿಧಿಯು ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ಅದನ್ನು ಕಾರಣವಿಲ್ಲದೆ ತೊರೆಯುವುದನ್ನು ಅಪರಾಧವೆಂದು ಎಣಿಸಿರುವುದು. ಧರ್ಮರಾಜನಾಗಲಿ ಶಾಸನಸಭೆಯಾಗಲಿ ನಮ್ಮನ್ನು ಪ್ರೀತಿಸಿರೆಂದು ಕೇಳಲಿಲ್ಲ, ಬಿಡಬೇಡಿರೆಂದು ಕೇಳಿದುವು.

ನಮ್ಮ ಕನ್ನಡ ನುಡಿಯಲ್ಲಿ ಒಂದು ಸ್ವಾರಸ್ಯವುಂಟು. ‘ಸಾಕು’ ಎಂದರೆ ಪಾಲಿಸು; ‘ಸಾಕು’ ಎಂದರೆ ಇಷ್ಟಕ್ಕೆ ಮುಗಿಯಿತು. ಒಂದೇ ಉಲಿಯಲ್ಲಿ ಎರಡು ವಿರುದ್ಧಾರ್ಥಗಳು. ಸಾಕುವೆನೆಂದು ತೊಡಗಿದವನು ನಡುವೆ ಸಾಕೆನ್ನುವಂತಿಲ್ಲ ಎಂಬುದನ್ನು ನೆನಪಿಸಲೆಂದೇ ಇವೆರಡೂ ಒಂದು ಕಡೆ ಸೇರಿದುವೋ ಏನೋ! ರಜೆಯು ಪ್ರೀತಿಗೆ ಹಿತವಾದ ಕಾಲ, ಋಣಕ್ಕೆ ರಜೆಯಿಲ್ಲ. ಕೊಕ್ಕರೆ ರೋಗದ ಲಸಿಕೆಯನ್ನು ಕಾಲಕ್ಕೆ ಸರಿಯಾಗಿ ಹಾಕಿಸುವುದು, ಬೋಗುಣಿಯ ಪಾಚಿಯನ್ನು ತಿಕ್ಕುವುದು, ಕಾವಿಗೆ ಕುಳಿತ ಹೇಂಟೆಯನ್ನು 21 ದಿನ ಕೆಣಕದೆ ಬಿಡುವುದು, ಮುಸ್ಸಂಜೆಯಲ್ಲಿ ಎಣಿಸುವುದು—ಇವುಗಳಲ್ಲಿ ಯಾವುದೂ ಮನಸ್ಸನ್ನು ಉಬ್ಬಿಸುವ ಕೆಲಸವಲ್ಲ. ಒಂದು ದಿನ ಮಾಡಿದರೆ ಯಾರೂ ಹೊಗಳರು. ಒಂದು ದಿನ ತಪ್ಪಿದರೆ ಗರಿಗಳನ್ನು ಆರಿಸಬೇಕಾಗುವುದು.

ಆ ಉಪನ್ಯಾಸವನ್ನು ನಾನು ಓದಲಿಲ್ಲ. ಅಸ್ವಸ್ಥನೆಂದು ತಿಳಿಸಿ ತಪ್ಪಿಸಿಕೊಂಡೆನು. ಅತ್ತಿಗೆಯವರನ್ನು ಕೇಳಿಕೊಂಡು ಸಂಜೆಯ ಬಾಗಿಲನ್ನು ನನ್ನ ಪಾಲಿಗೆ ತೆಗೆದುಕೊಂಡಿರುವೆನು. ಅವರು ಕೊಟ್ಟರು, ಆದರೆ ಮೊದಲ ಒಂದು ತಿಂಗಳು ನನ್ನ ಹಿಂದೆಯೇ ಬಂದು ತಾವೂ ಒಮ್ಮೆ ಎಣಿಸಿ ಹೋಗುತ್ತಿದ್ದರು. ನಾನು ಬೇಸರಪಟ್ಟುಕೊಳ್ಳಲಿಲ್ಲ. ಕಂದುನಾಯಿಗೆ ಈಗ ರಾತ್ರಿ ಒಂದು ರೊಟ್ಟಿಯು ಗೊತ್ತಾಗಿರುವುದು. ಮಕ್ಕಳು ಇಟ್ಟ ಹೆಸರಿಗೆ ಅದು ಇನ್ನೂ ಬಾಲವಾಡಿಸುವುದು. ಮೊಮ್ಮಗಳು ಬೆಂಗಳೂರಿಗೆ ಹೋದ ಮೇಲೆ ಮೂರು ವಾರ ಪ್ರತಿದಿನ ಸಂಜೆ ಆರೂವರೆಗೆ ದೂರವಾಣಿಯಲ್ಲಿ ಕೇಳುತ್ತಿದ್ದಳು: “ಅಜ್ಜಾ, ಎಷ್ಟು?” ಏಳು ಎನ್ನುತ್ತಿದ್ದೆನು. ಆಮೇಲೆ ಅವಳಿಗೆ ಪರೀಕ್ಷೆಗಳು ಬಂದುವು, ಕರೆಗಳು ನಿಂತುವು. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಅವಳಿಗೆ ಒಂಬತ್ತು ವರ್ಷ, ಊರು ದೂರ. ಬಾಗಿಲಿನ ಹತ್ತಿರ ಇರುವವನು ನಾನು.

ಇದನ್ನು ಬರೆಯುತ್ತಿರುವಾಗ ಮತ್ತೆ ಪುಷ್ಯಮಾಸವು ಸಮೀಪಿಸಿರುವುದು. ಕರಿಯ ಹೇಂಟೆಯು ನಾಲ್ಕು ಮರಿಗಳನ್ನು ಮಾಡಿರುವುದರಿಂದ ಎಣಿಕೆಯು ಹನ್ನೊಂದಕ್ಕೆ ಏರಿರುವುದು. ಬೇವಿನ ಮರದ ನೆರಳು ಗೋಡೆಯನ್ನು ಹತ್ತಿತು. ಗುಡ್ಡದ ಮೇಲಣ ಬಿಸಿಲು ಕೆಂಪಾಯಿತು. ಲೇಖನಕ್ಕೆ ಇನ್ನೂ ಒಂದೆರಡು ಮಾತುಗಳನ್ನು ಸೇರಿಸಬಹುದಾಗಿದ್ದಿತು. ಆದರೆ ಇದು ಬಾಗಿಲು ಹಾಕುವ ಹೊತ್ತು.